ಎಂಜಿನಿಯರಿಂಗ್ ಲ್ಯಾಪ್‌ಟಾಪ್: ಇಂಚು ಕೇಳುವ ಮುನ್ನ ಲೆಕ್ಕ ಹಾಕಿ

ಸಿಇಟಿ ಅರ್ಜಿ ತುಂಬಿದ ದಿನದಿಂದ ನಮ್ಮ ಕಾಲೇಜಿನ ಸೈನ್ಸ್ ಸೆಕ್ಷನ್‌ನಲ್ಲಿ ಎರಡು ಮಾತು ಒಟ್ಟೊಟ್ಟಿಗೆ ನಡೆಯುತ್ತಿವೆ. ಒಂದು, ಯಾವ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ ಎಂಬುದು. ಇನ್ನೊಂದು, ಸೀಟು ಸಿಕ್ಕರೆ ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು ಎಂಬುದು. ಮೊದಲನೆಯದಕ್ಕೆ ಕಳೆದ ವರ್ಷದ ಕಟ್ ಆಫ್ ಪಟ್ಟಿ ಇದೆ. ಎರಡನೆಯದಕ್ಕೆ ಇರುವುದು ಮಾಮೂ ಮತ್ತು ಚಾಚಾಗಳ ಸಲಹೆ, ಅಂಗಡಿಯವರ ಸಲಹೆ, ಯೂಟ್ಯೂಬ್ ಸಲಹೆ. ಮೂರರ ಸಾರವೂ ಒಂದೇ: "ಎಂಜಿನಿಯರಿಂಗ್ ಅಲ್ವಾ? ದೊಡ್ಡ ದೊಡ್ಡ ಸಾಫ್ಟ್‌ವೇರ್ ಓಡಬೇಕು. ಲ್ಯಾಪ್‌ಟಾಪೂ ದೊಡ್ಡದೇ ಇರಲಿ."

ನಾನು ಕಾಮರ್ಸ್ ವಿದ್ಯಾರ್ಥಿನಿ. ಇದರಲ್ಲಿ ನಿನಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಹತ್ತಾರು ಸಾವಿರ ರೂಪಾಯಿ ಕೊಟ್ಟು ಒಂದು ಆಸ್ತಿ ಕೊಳ್ಳುವುದು, ಅದನ್ನು ನಾಲ್ಕು ವರ್ಷ ಬಳಸುವುದು, ಪ್ರತಿ ವರ್ಷ ಅದರ ಬೆಲೆ ಇಳಿಯುವುದು, ಇದೆಲ್ಲ ನಮ್ಮ ಅಕೌಂಟೆನ್ಸಿ ಪಾಠವೇ. ನಮ್ಮ ರಾಮನಗರದ ಬಹಳ ಮನೆಗಳಲ್ಲಿ ಮಕ್ಕಳ ಓದಿನ ಖರ್ಚಿನಲ್ಲಿ ಫೀಸಿನ ನಂತರ ಒಂದೇ ಸಲಕ್ಕೆ ಹೋಗುವ ದೊಡ್ಡ ಮೊತ್ತ ಲ್ಯಾಪ್‌ಟಾಪಿನದು. ಅದರ ತೀರ್ಮಾನ ಹತ್ತು ನಿಮಿಷದಲ್ಲಿ, ಅದೂ ಪರದೆಯ ಉದ್ದ ನೋಡಿ ಆಗುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಎಂಜಿನಿಯರಿಂಗ್‌ಗೆ ಹೋಗುವ ಹೆಚ್ಚಿನವರಿಗೆ 14 ಇಂಚಿನ, 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಮತ್ತು ಮನೆಯ ಅಥವಾ ರೂಮಿನ ಮೇಜಿನ ಮೇಲೆ ಒಂದು ಬೇರೆ ಮಾನಿಟರ್ ಇದ್ದರೆ ಸಾಕು. ದಪ್ಪನೆಯ 16 ಇಂಚಿನ ಯಂತ್ರ ಕೆಲವರಿಗೆ ನಿಜವಾಗಿ ಬೇಕು. ಅವರು ಯಾರು ಎಂಬುದು ಬ್ರಾಂಚ್ ಗೊತ್ತಾಗುವ ಮೊದಲು ತಿಳಿಯುವುದಿಲ್ಲ. ಆದ್ದರಿಂದ ಸೀಟು ಹಂಚಿಕೆ ಮುಗಿಯುವವರೆಗೆ ಯಾರೂ ಕೊಳ್ಳಬಾರದು. ಇದರಿಂದ ಉಳಿಯುವ ಹಣಕ್ಕೆ ಮನೆಯಲ್ಲಿ ಇನ್ನೊಬ್ಬ ಹಕ್ಕುದಾರರಿದ್ದಾರೆ. ಅವರ ಮಾತನ್ನು ಕೊನೆಗೆ ಹೇಳುತ್ತೇನೆ.

ಇಂಚು ಅಂದರೆ ಏನು?

ಟಿವಿಯ ಹಾಗೆಯೇ ಲ್ಯಾಪ್‌ಟಾಪ್ ಪರದೆಯನ್ನೂ ಮೂಲೆಯಿಂದ ಮೂಲೆಗೆ, ಅಂದರೆ ಕರ್ಣದ ಉದ್ದಕ್ಕೆ ಅಳೆಯುತ್ತಾರೆ. ಒಳಗಿನ ಪ್ರೊಸೆಸರ್ ಎಷ್ಟು ವೇಗ, ರ‍್ಯಾಮ್ ಎಷ್ಟು ಎಂಬುದಕ್ಕೂ ಈ ಅಳತೆಗೂ ಸಂಬಂಧವಿಲ್ಲ. ಒಂದೇ ಪ್ರೊಸೆಸರ್, ಒಂದೇ ರ‍್ಯಾಮ್ ಇರುವ ಯಂತ್ರ 14 ಇಂಚಿನಲ್ಲೂ ಸಿಗುತ್ತದೆ, 16 ಇಂಚಿನಲ್ಲೂ ಸಿಗುತ್ತದೆ.

ಕರ್ಣ ಮಾತ್ರ ತಿಳಿದರೆ ಪರದೆಯ ವಿಸ್ತೀರ್ಣ ತಿಳಿಯುವುದಿಲ್ಲ. ಉದ್ದ ಮತ್ತು ಎತ್ತರದ ಅನುಪಾತವೂ ಬೇಕು. ಹತ್ತನೇ ಕ್ಲಾಸಿನ ಪೈಥಾಗೊರಸ್ ಪ್ರಮೇಯ ಬಳಸಿ ನಾನು ಲೆಕ್ಕ ಮಾಡಿದೆ. 15.6 ಇಂಚಿನ ಪರದೆಗಳ ಅನುಪಾತ ಸಾಮಾನ್ಯವಾಗಿ 16:9. ಅದರ ಅಗಲ ಸುಮಾರು 34.5 ಸೆಂ.ಮೀ., ಎತ್ತರ 19.4 ಸೆಂ.ಮೀ. ಈಗ ಬರುವ 16 ಇಂಚಿನವು ಹೆಚ್ಚಾಗಿ 16:10. ಅವುಗಳ ಅಗಲವೂ 34.5 ಸೆಂ.ಮೀ., ಆದರೆ ಎತ್ತರ 21.5 ಸೆಂ.ಮೀ. ಅಂದರೆ ಅಗಲ ಅಷ್ಟೇ ಇದ್ದು, ಎತ್ತರದಲ್ಲಿ ಎರಡು ಸೆಂಟಿಮೀಟರ್ ಲಾಭ. 16:10 ಅನುಪಾತದ 14 ಇಂಚಿನ ಪರದೆ 30 ಸೆಂ.ಮೀ. ಅಗಲ, ಸುಮಾರು 19 ಸೆಂ.ಮೀ. ಎತ್ತರ. ಎತ್ತರದಲ್ಲಿ ಅದು 15.6 ಇಂಚಿನ ಪರದೆಗಿಂತ ಅರ್ಧ ಸೆಂಟಿಮೀಟರ್ ಮಾತ್ರ ಕಡಿಮೆ!

ಎತ್ತರದ ಮಾತು ಯಾಕೆ ಮುಖ್ಯವೆಂದರೆ, ಆಟೊಕ್ಯಾಡ್, ಸಾಲಿಡ್‌ವರ್ಕ್ಸ್, ಮ್ಯಾಟ್‌ಲ್ಯಾಬ್ ಮುಂತಾದ ಸಾಫ್ಟ್‌ವೇರ್‌ಗಳಲ್ಲಿ ಮೇಲುಗಡೆ ಬಟನ್‌ಗಳ ಪಟ್ಟಿ ಇರುತ್ತದೆ, ಕೆಳಗಡೆಯೂ ಒಂದು ಪಟ್ಟಿ ಇರುತ್ತದೆ. ಚಿತ್ರಕ್ಕೆ ಉಳಿಯುವುದು ನಡುವಿನ ಜಾಗ. ಕೋಡ್ ಬರೆಯುವವರಿಗೂ ಹಾಗೆಯೇ, ಎತ್ತರ ಹೆಚ್ಚಿದಷ್ಟೂ ಒಂದೇ ನೋಟಕ್ಕೆ ಹೆಚ್ಚು ಸಾಲು ಕಾಣುತ್ತದೆ. ಹಾಗಾಗಿ ಅಂಗಡಿಯಲ್ಲಿ "ಎಷ್ಟು ಇಂಚು" ಎಂದು ಕೇಳಿದ ಕೂಡಲೇ "ಅನುಪಾತ ಎಷ್ಟು" ಎಂದೂ ಕೇಳಬೇಕು.

ಇನ್ನೊಂದು ವಿಷಯ ಸ್ಕೇಲಿಂಗ್. 1920×1080 ಪಿಕ್ಸೆಲ್ ಇರುವ ಪರದೆ 14 ಇಂಚಿನದಾದರೆ ಅಕ್ಷರ ತೀರಾ ಸಣ್ಣದಾಗುತ್ತದೆಂದು ವಿಂಡೋಸ್ ಅದನ್ನು ಸಾಮಾನ್ಯವಾಗಿ ಶೇ. 150ಕ್ಕೆ ಹಿಗ್ಗಿಸುತ್ತದೆ. ಆಗ ನಮಗೆ ಕೆಲಸಕ್ಕೆ ಸಿಗುವುದು 1280×720ರಷ್ಟು ಜಾಗ. 15.6 ಇಂಚಿನಲ್ಲಿ ಶೇ. 125 ಸಾಕಾಗುವುದರಿಂದ 1536×864ರಷ್ಟು ಸಿಗುತ್ತದೆ. ದೊಡ್ಡ ಪರದೆಯ ಪರವಾಗಿ ಇದು ನಿಜವಾದ ವಾದ, ಒಪ್ಪುತ್ತೇನೆ. ಆದರೆ ಅದೇ ಲ್ಯಾಪ್‌ಟಾಪಿಗೆ ಒಂದು 24 ಇಂಚಿನ ಮಾನಿಟರ್ ಜೋಡಿಸಿ. ಅಲ್ಲಿ ಹಿಗ್ಗಿಸುವ ಅಗತ್ಯವಿಲ್ಲ, ಪೂರ್ತಿ 1920×1080 ಸಿಗುತ್ತದೆ. ಇದು 14 ಇಂಚಿನಲ್ಲಿ ಸಿಕ್ಕಿದ್ದರ ಎರಡು ಪಟ್ಟಿಗಿಂತ ಹೆಚ್ಚು. ವಿಸ್ತೀರ್ಣದಲ್ಲಿ ನೋಡಿದರೆ 16 ಇಂಚಿನ ಪರದೆ 14 ಇಂಚಿನದಕ್ಕಿಂತ ಶೇ. 30ರಷ್ಟು ದೊಡ್ಡದು, 24 ಇಂಚಿನ ಮಾನಿಟರ್ ಸುಮಾರು 2.8 ಪಟ್ಟು ದೊಡ್ಡದು. ಕಣ್ಣಿಗೆ ಆರಾಮ ಬೇಕಾದರೆ ಎರಡು ಇಂಚು ಹೆಚ್ಚಿಸಿ ಪ್ರಯೋಜನವಿಲ್ಲ, ಹತ್ತು ಇಂಚು ಹೆಚ್ಚಿಸಬೇಕು. ಅದು ಬ್ಯಾಗಿನಲ್ಲಿ ಆಗುವುದಿಲ್ಲ, ಮೇಜಿನ ಮೇಲೆ ಆಗುತ್ತದೆ.

ದೊಡ್ಡದು ಜೋರು ಎಂಬ ಮಾತಿನಲ್ಲಿ ಇರುವ ಸತ್ಯ

ದೊಡ್ಡ ಲ್ಯಾಪ್‌ಟಾಪ್ ಹೆಚ್ಚು ಶಕ್ತಿಶಾಲಿ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ. ಅದರ ಕಾರಣ ಪರದೆಯಲ್ಲ, ಶಾಖ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಕೆಲಸ ಮಾಡಿದಷ್ಟೂ ಬಿಸಿಯಾಗುತ್ತವೆ. ದಪ್ಪ ದೇಹದಲ್ಲಿ ದೊಡ್ಡ ಫ್ಯಾನ್ ಇಡಬಹುದು, ಗಾಳಿ ಆಡುತ್ತದೆ. ತೆಳು ದೇಹದಲ್ಲಿ ಶಾಖ ಹೊರಹೋಗದೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಎಂಬ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಓಡಿಸಬಹುದು. ಎಷ್ಟು ವ್ಯಾಟ್ ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಕಂಪನಿ. ತೆಳುವಾದ ಯಂತ್ರದಲ್ಲಿ ಕಡಿಮೆ, ದಪ್ಪದರಲ್ಲಿ ಹೆಚ್ಚು. ಡಬ್ಬದ ಮೇಲೆ ಎರಡಕ್ಕೂ ಒಂದೇ ಹೆಸರು. ಆದ್ದರಿಂದ ಗಂಟೆಗಟ್ಟಲೆ ಸಿಮ್ಯುಲೇಶನ್ ಓಡಿಸುವವರಿಗೆ, ಕಟ್ಟಡದ ಮೂರು ಆಯಾಮದ ಚಿತ್ರ ರೆಂಡರ್ ಮಾಡುವವರಿಗೆ ದಪ್ಪ ಯಂತ್ರದಿಂದ ಲಾಭವಿದೆ. ಅಂಥವರು ಕೂಡ ಕೇಳಬೇಕಾದ ಪ್ರಶ್ನೆ "ಎಷ್ಟು ಇಂಚು" ಅಲ್ಲ, "ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ" ಎಂಬುದು. ಈ ಯಂತ್ರಗಳು ಪೂರ್ತಿ ವೇಗದಲ್ಲಿ ಓಡುವುದು ಚಾರ್ಜರ್ ಹಾಕಿದಾಗ ಮಾತ್ರ ಎಂಬುದೂ ಗೊತ್ತಿರಲಿ.

ಯಾವ ಬ್ರಾಂಚಿಗೆ ಏನು ಬೇಕು?

ಎಂಜಿನಿಯರಿಂಗ್ ಎಂದರೆ ಒಂದೇ ಕೆಲಸವಲ್ಲ. ಕಂಪ್ಯೂಟರ್ ಸೈನ್ಸ್‌ನವರ ದಿನದ ಕೆಲಸ ಕೋಡ್ ಬರೆಯುವುದು. ಅದಕ್ಕೆ ಬೇಕಾಗಿರುವುದು ರ‍್ಯಾಮ್, ಒಳ್ಳೆಯ ಕೀಬೋರ್ಡ್ ಮತ್ತು ಬೇಗ ಓದುವ ಎಸ್‌ಎಸ್‌ಡಿ. ಆಂಡ್ರಾಯ್ಡ್ ಸ್ಟುಡಿಯೊ ಹಾಕಿ ಅದರೊಳಗೆ ಒಂದು ನಕಲಿ ಫೋನನ್ನೂ ಓಡಿಸಿದರೆ 8 ಜಿಬಿ ರ‍್ಯಾಮ್ ಏದುಸಿರು ಬಿಡುತ್ತದೆ, 16 ಜಿಬಿ ಆರಾಮವಾಗಿ ತಡೆಯುತ್ತದೆ. ಎಐ, ಮಷಿನ್ ಲರ್ನಿಂಗ್ ಓದುವವರಿಗೆ ದೊಡ್ಡ ಗ್ರಾಫಿಕ್ಸ್ ಬೇಕೇ ಬೇಕು ಎನ್ನುತ್ತಾರೆ. ಕಲಿಯುವ ಹಂತದ ಕೆಲಸಕ್ಕೆ ಗೂಗಲ್ ಕೊಲಾಬ್‌ನಲ್ಲಿ ಬ್ರೌಸರ್ ಮೂಲಕವೇ ಗೂಗಲ್‌ನ ಗ್ರಾಫಿಕ್ಸ್ ಚಿಪ್ಪನ್ನು ಮಿತಿಯೊಳಗೆ ಉಚಿತವಾಗಿ ಬಳಸಬಹುದು.

ಎಲೆಕ್ಟ್ರಾನಿಕ್ಸ್‌ನವರಿಗೆ ಮ್ಯಾಟ್‌ಲ್ಯಾಬ್, ಸರ್ಕ್ಯೂಟ್ ಬಿಡಿಸುವ ಕೀಕ್ಯಾಡ್, ಚಿಪ್ ವಿನ್ಯಾಸಕ್ಕೆ ವಿವಾಡೊ. ವಿವಾಡೊ ಬಹಳ ಜಾಗ ತಿನ್ನುತ್ತದೆ, ಅದಕ್ಕೆ ಎಸ್‌ಎಸ್‌ಡಿ 512 ಜಿಬಿಗಿಂತ ಕಡಿಮೆ ಬೇಡ. ಮ್ಯಾಟ್‌ಲ್ಯಾಬ್‌ಗೆ ಬದಲಾಗಿ ಕಲಿಕೆಗೆ ಆಕ್ಟೇವ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಇಲ್ಲೂ ಪರದೆಯ ಗಾತ್ರಕ್ಕಿಂತ ರ‍್ಯಾಮ್ ಮುಖ್ಯ.

ಮೆಕ್ಯಾನಿಕಲ್ ಮತ್ತು ಸಿವಿಲ್‌ನವರ ಪರಿಸ್ಥಿತಿ ಬೇರೆ. ಸಾಲಿಡ್‌ವರ್ಕ್ಸ್, ಆನ್ಸಿಸ್, ರೆವಿಟ್, ಸ್ಟ್ಯಾಡ್ ಪ್ರೊ ಇವೆಲ್ಲ ಪರದೆಯ ಜಾಗವನ್ನೂ ಕೇಳುತ್ತವೆ, ಶಕ್ತಿಯನ್ನೂ ಕೇಳುತ್ತವೆ. ಸಾಲಿಡ್‌ವರ್ಕ್ಸ್ ತಯಾರಕರೇ 16 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇರಲಿ ಎನ್ನುತ್ತಾರೆ. ಆದರೂ ವಿದ್ಯಾರ್ಥಿ ಮೊದಲ ಎರಡು ವರ್ಷ ಬಿಡಿಸುವುದು ಒಂದು ಬೋಲ್ಟು, ಒಂದು ಕ್ಲ್ಯಾಂಪು, ಒಂದು ಮಹಡಿಯ ಮನೆಯ ನಕ್ಷೆ. ಇಡೀ ವಿಮಾನವನ್ನಲ್ಲ. ಆನ್ಸಿಸ್‌ನ ಉಚಿತ ವಿದ್ಯಾರ್ಥಿ ಆವೃತ್ತಿಯಲ್ಲಿ ಸಮಸ್ಯೆಯ ಗಾತ್ರಕ್ಕೆ ಮಿತಿಯನ್ನೇ ಹಾಕಿದ್ದಾರೆ, ಅಂದರೆ ಅದರಲ್ಲಿ ಭಾರೀ ಲೆಕ್ಕ ಓಡಿಸಲು ಬರುವುದೇ ಇಲ್ಲ. ಭಾರೀ ಕೆಲಸಕ್ಕೆ ಕಾಲೇಜಿನ ಲ್ಯಾಬ್ ಇದೆ. ಆಟೊಕ್ಯಾಡ್ ಮತ್ತು ರೆವಿಟ್ ತಯಾರಿಸುವ ಆಟೊಡೆಸ್ಕ್ ಕಂಪನಿ ದಾಖಲೆ ಕೊಟ್ಟ ವಿದ್ಯಾರ್ಥಿಗಳಿಗೆ ಒಂದೊಂದು ವರ್ಷಕ್ಕೆ ಉಚಿತ ಪರವಾನಗಿ ಕೊಡುತ್ತದೆ, ಓದುವವರೆಗೆ ನವೀಕರಿಸಿಕೊಳ್ಳಬಹುದು. ಆನ್‌ಶೇಪ್ ಎಂಬ ಕ್ಯಾಡ್ ಸಾಫ್ಟ್‌ವೇರ್ ಬ್ರೌಸರಿನಲ್ಲೇ ಓಡುತ್ತದೆ, ಸಾಮಾನ್ಯ ಲ್ಯಾಪ್‌ಟಾಪ್ ಸಾಕು.

ಮ್ಯಾಕ್‌ಬುಕ್ ಆಸೆ ಇರುವವರಿಗೆ ಒಂದು ಎಚ್ಚರಿಕೆ. ಸಾಲಿಡ್‌ವರ್ಕ್ಸ್, ರೆವಿಟ್, ಸ್ಟ್ಯಾಡ್ ಪ್ರೊ, ಈಟ್ಯಾಬ್ಸ್ ಇವು ವಿಂಡೋಸ್‌ಗಾಗಿ ಮಾಡಿದವು. ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೆಂದು ಮ್ಯಾಕ್‌ಬುಕ್ ಕೊಂಡು, ಕೊನೆಗೆ ಸಿವಿಲ್ ಸಿಕ್ಕರೆ ಆ ಯಂತ್ರ ಚೆಂದದ ಟೈಪ್‌ರೈಟರ್ ಆಗುತ್ತದೆ.

ಬ್ರಾಂಚ್ ತಿಳಿಯುವವರೆಗೆ ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಕಾಲೇಜು ಬದಲಾಗುತ್ತದೆ, ಬ್ರಾಂಚೂ ಬದಲಾಗುತ್ತದೆ. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ನಡೆಯುತ್ತದೆ. ಗಣಿತ, ಮೂಲ ವಿಜ್ಞಾನ, ಪ್ರೋಗ್ರಾಮಿಂಗ್, ಡ್ರಾಯಿಂಗ್ ಇವೇ ಹೆಚ್ಚು, ಲ್ಯಾಬಿನಲ್ಲಿ ಕಂಪ್ಯೂಟರ್ ಇರುತ್ತದೆ. ಮೊದಲ ಎರಡು ತಿಂಗಳು ಲ್ಯಾಪ್‌ಟಾಪ್ ಇಲ್ಲದೆ ಹೋದರೂ ಯಾರೂ ಹಿಂದೆ ಬೀಳುವುದಿಲ್ಲ. ಅಷ್ಟರಲ್ಲಿ ಅದೇ ಬ್ರಾಂಚಿನ ಸೀನಿಯರ್‌ಗಳು ಏನು ಬಳಸುತ್ತಾರೆ ಎಂದು ಕಣ್ಣಾರೆ ನೋಡಬಹುದು.

ಲ್ಯಾಪ್‌ಟಾಪ್ ಎಲ್ಲಿ ಬದುಕುತ್ತದೆ?

ಯೂಟ್ಯೂಬಿನಲ್ಲಿ ಲ್ಯಾಪ್‌ಟಾಪ್ ವಿಮರ್ಶೆ ಮಾಡುವವರ ಮುಂದೆ ಅಗಲವಾದ ಮೇಜು, ಹಿಂದೆ ಬಣ್ಣದ ದೀಪ ಇರುತ್ತದೆ. ನಮ್ಮವರ ಲ್ಯಾಪ್‌ಟಾಪ್ ಬದುಕುವುದು ಬೇರೆ ಜಾಗದಲ್ಲಿ. ನಮ್ಮ ಊರಿನಿಂದ ಬಿಡದಿ, ಕೆಂಗೇರಿ, ಬೆಂಗಳೂರು, ಮಂಡ್ಯ ಕಡೆಗೆ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ನೀವೆಲ್ಲ ನೋಡಿದ್ದೀರಿ. ಬೆಳಗಿನ ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ ಪುಣ್ಯ. ಬ್ಯಾಗನ್ನು ಎದೆಯ ಮುಂದೆ ಹಾಕಿಕೊಂಡು ನಿಲ್ಲಬೇಕು.

14 ಇಂಚಿನ ಲ್ಯಾಪ್‌ಟಾಪ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ 65 ವ್ಯಾಟ್ ಚಾರ್ಜರ್ ಅಂಗೈಯೊಳಗೆ ಹಿಡಿಯುತ್ತದೆ. 16 ಇಂಚಿನ ಗೇಮಿಂಗ್ ಯಂತ್ರ ಸುಮಾರು ಎರಡೂವರೆ ಕಿಲೋ. ಅದರ ಚಾರ್ಜರ್ ಇಟ್ಟಿಗೆಯ ಹಾಗಿದ್ದು ಅರ್ಧ ಕಿಲೋ ಮೇಲೆಯೇ ತೂಗುತ್ತದೆ. ಒಟ್ಟು ಮೂರು ಕಿಲೋ ಅನ್ನಿ. ಜೊತೆಗೆ ರೆಕಾರ್ಡ್ ಪುಸ್ತಕ, ಊಟದ ಡಬ್ಬ, ನೀರಿನ ಬಾಟಲಿ. ಬ್ಯಾಟರಿ ಬೇಗ ಮುಗಿಯುವುದರಿಂದ ಚಾರ್ಜರ್ ಬಿಟ್ಟು ಹೋಗುವಂತೆಯೂ ಇಲ್ಲ, ಕ್ಲಾಸಿನಲ್ಲಿ ಪ್ಲಗ್ ಇರುವ ಕಡೆಯೇ ಜಾಗ ಹಿಡಿಯಬೇಕು. ಕೊನೆಗೆ ಆಗುವುದೇನೆಂದರೆ ಯಂತ್ರ ರೂಮಿನಲ್ಲೇ ಉಳಿಯುತ್ತದೆ, ವಿದ್ಯಾರ್ಥಿ ಫೋನ್ ಹಿಡಿದುಕೊಂಡು ಕಾಲೇಜಿಗೆ ಹೋಗುತ್ತಾನೆ. ಎಲ್ಲಿಗೂ ಒಯ್ಯದ ಲ್ಯಾಪ್‌ಟಾಪಿಗಿಂತ ಡೆಸ್ಕ್‌ಟಾಪ್ ಅಗ್ಗ.

ಹಾಗೆಂದು ಮನೆಯಲ್ಲಿ ಸಣ್ಣ ಪರದೆಯ ಮುಂದೆ ಬಗ್ಗಿ ಕೂತು ಕತ್ತು ನೋಯಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನೆಲದ ಮೇಲೆ, ಮಂಚದ ಮೇಲೆ ಕೂತು ಡ್ರಾಯಿಂಗ್ ಮಾಡಿದರೆ 14 ಇಂಚೂ ನೋಯಿಸುತ್ತದೆ, 16 ಇಂಚೂ ನೋಯಿಸುತ್ತದೆ. ಒಂದು ಗಟ್ಟಿ ಮೇಜು, ಕಣ್ಣಿನ ಎತ್ತರಕ್ಕೆ ಮಾನಿಟರ್, ಬೇರೆ ಕೀಬೋರ್ಡ್ ಮತ್ತು ಮೌಸ್ ಇದ್ದರೆ ಮೂರು ಗಂಟೆ ನೆಟ್ಟಗೆ ಕೂತು ಕೆಲಸ ಮಾಡಬಹುದು. ಕ್ಯಾಡ್ ಕೆಲಸಕ್ಕೆ ಮೌಸ್ ಅಂತೂ ಬೇಕೇ ಬೇಕು.

ಈಗ ಲೆಕ್ಕದ ಪುಸ್ತಕ ತೆರೆಯೋಣ

ಎರಡು ಆಯ್ಕೆ ಇಟ್ಟುಕೊಳ್ಳೋಣ. ಬೆಲೆಗಳು ಲೆಕ್ಕ ತೋರಿಸಲು ಹಿಡಿದವು, ನೀವು ಕೊಳ್ಳುವ ದಿನದ ಬೆಲೆ ಹಾಕಿಕೊಂಡು ಇದೇ ಲೆಕ್ಕ ಮಾಡಿ. ಮೊದಲ ಆಯ್ಕೆ: 95,000 ರೂಪಾಯಿಯ 16 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್. ಎರಡನೇ ಆಯ್ಕೆ: 60,000 ರೂಪಾಯಿಯ 14 ಇಂಚಿನ ಲ್ಯಾಪ್‌ಟಾಪ್, 8,000 ರೂಪಾಯಿಯ ಮಾನಿಟರ್, 1,000 ರೂಪಾಯಿಯ ಕೀಬೋರ್ಡ್ ಮತ್ತು ಮೌಸ್. ಒಟ್ಟು 69,000. ವ್ಯತ್ಯಾಸ 26,000 ರೂಪಾಯಿ.

ಫಸ್ಟ್ ಪಿಯುಸಿಯಲ್ಲಿ ನಾವು ಸವಕಳಿ ಪಾಠ ಓದಿದ್ದೇವೆ. ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರಿಗೆ ಸವಕಳಿ ದರ ವರ್ಷಕ್ಕೆ ಶೇ. 40, ಇಳಿಕೆಯ ಮೌಲ್ಯದ ಮೇಲೆ. ಪೀಠೋಪಕರಣಕ್ಕೆ ಇದು ಶೇ. 10 ಮಾತ್ರ. ಅಂದರೆ ಕಂಪ್ಯೂಟರ್ ಎಷ್ಟು ಬೇಗ ಹಳತಾಗುತ್ತದೆಂದು ಸರ್ಕಾರಕ್ಕೂ ಗೊತ್ತು. ಈ ದರದಲ್ಲಿ 95,000ದ ಯಂತ್ರ ಮೊದಲ ವರ್ಷದ ಕೊನೆಗೆ 57,000, ಎರಡನೇ ವರ್ಷಕ್ಕೆ 34,200, ಮೂರನೇ ವರ್ಷಕ್ಕೆ 20,520, ನಾಲ್ಕನೇ ವರ್ಷಕ್ಕೆ 12,312 ರೂಪಾಯಿ. 60,000ದ ಯಂತ್ರ ನಾಲ್ಕು ವರ್ಷಕ್ಕೆ 7,776 ರೂಪಾಯಿ. ಸಂತೆಯಲ್ಲಿ ಮಾರುವ ಬೆಲೆ ಇಷ್ಟೇ ಇರುತ್ತದೆಂದಲ್ಲ, ಆದರೆ ದಾರಿ ಹೀಗೆಯೇ ಇಳಿಯುತ್ತದೆ. ಕೊಡುವಾಗ ಇದ್ದ 35,000 ರೂಪಾಯಿಯ ಅಂತರ ನಾಲ್ಕು ವರ್ಷದ ನಂತರ 4,536 ರೂಪಾಯಿ ಆಯಿತು. ಉಳಿದ 30,464 ರೂಪಾಯಿ ಕರಗಿಹೋಯಿತು. ಆ ಹೆಚ್ಚಿನ ಶಕ್ತಿಯನ್ನು ದಿನಾ ಬಳಸಿದವರಿಗೆ ಅದು ಖರ್ಚು, ಬಳಸದವರಿಗೆ ಅದು ನಷ್ಟ.

ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ ಶೇ. 18. ತೆರಿಗೆ ಸೇರಿ 95,000 ಕೊಟ್ಟರೆ ಅದರಲ್ಲಿ ಸುಮಾರು 14,492 ರೂಪಾಯಿ ತೆರಿಗೆಯೇ. ಮಗನ ಓದಿಗೆ ಕೊಂಡಿದ್ದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ.

ಹಣ ಬರುವ ದಾರಿಯನ್ನೂ ನೋಡಬೇಕು. ನಮ್ಮ ಮೊಹಲ್ಲಾಗಳಲ್ಲಿ ರೀಲರ್‌ಗಳಿದ್ದಾರೆ, ಫಿಲೇಚರ್ ಕೆಲಸದವರಿದ್ದಾರೆ, ಆಟೊ ಓಡಿಸುವವರಿದ್ದಾರೆ, ಸಣ್ಣ ಅಂಗಡಿಯವರಿದ್ದಾರೆ. ಗೂಡಿನ ದರ, ರೇಷ್ಮೆಯ ದರ ಯಾವ ವಾರ ಹೇಗೋ ಯಾರಿಗೂ ಗೊತ್ತಿಲ್ಲ. ಬಹಳ ಮನೆಗಳಲ್ಲಿ ಬಡ್ಡಿ ಬೇಡ ಎಂಬ ಕಾರಣಕ್ಕೆ ಸಾಲ ಮಾಡುವುದಿಲ್ಲ. "ನೋ ಕಾಸ್ಟ್ ಇಎಂಐ" ಎಂದು ಬರೆದಿದ್ದರೂ ಬಡ್ಡಿಯಷ್ಟು ರಿಯಾಯಿತಿಯನ್ನು ಬೆಲೆಯಲ್ಲಿ ತೋರಿಸಿ, ಕಾರ್ಡಿನಲ್ಲಿ ಬಡ್ಡಿ ಹಾಕುವ ಪದ್ಧತಿ ಇದೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಾವೇ ಕೊಡಬೇಕಾಗಬಹುದು. ಹಾಗಾಗಿ ನಮ್ಮಲ್ಲಿ ದೊಡ್ಡ ಖರ್ಚಿಗೆ ದಾರಿ ಎಂದರೆ ಅಮ್ಮಿಯರು, ಖಾಲಾಗಳು ಸೇರಿ ನಡೆಸುವ ಕಮಿಟಿ. ತಿಂಗಳಿಗೆ 2,000 ರೂಪಾಯಿಯಂತೆ ಕಟ್ಟಿದರೆ 95,000 ಆಗಲು 48 ತಿಂಗಳು ಬೇಕು. ಸರಿಯಾಗಿ ನಾಲ್ಕು ವರ್ಷ, ಎಂಜಿನಿಯರಿಂಗ್ ಮುಗಿಯುವಷ್ಟು ಕಾಲ. 26,000 ಉಳಿದರೆ 13 ತಿಂಗಳ ಕಂತು ಉಳಿದಂತೆ.

ಇನ್ನೊಬ್ಬ ಹಕ್ಕುದಾರರು

ಈ 26,000 ರೂಪಾಯಿಯಲ್ಲಿ ಏನು ಬರುತ್ತದೆ? ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಂಪನಿಗಳು ಬಳಸಿ ಬಿಟ್ಟ, ದುರಸ್ತಿ ಮಾಡಿ ಮಾರುವ ಆಫೀಸ್ ಲ್ಯಾಪ್‌ಟಾಪ್‌ಗಳು ಸಿಗುತ್ತವೆ. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸ್, ಪ್ರಾಜೆಕ್ಟ್ ವರದಿ, ಇಷ್ಟಕ್ಕೆ ಅವು ಧಾರಾಳವಾಗಿ ಸಾಕು. ಅಂದರೆ ಎರಡನೇ ಆಯ್ಕೆ ಮಾಡಿದ ಮನೆಯಲ್ಲಿ ಒಂದರ ಬದಲು ಎರಡು ಕಂಪ್ಯೂಟರ್ ಬರಲು ದಾರಿ ಇದೆ.

ನಮ್ಮ ಭಾಯಿ ಈಗ ಮೆಕ್ಯಾನಿಕಲ್ ಮೂರನೇ ವರ್ಷ. ಕೆಂಗೇರಿ ಕಡೆ ಪಿಜಿಯಲ್ಲಿದ್ದಾರೆ. ಅವರ ಲ್ಯಾಪ್‌ಟಾಪ್ ದೊಡ್ಡದು, ಒಳ್ಳೆಯದು. ಭಾರವೆಂದು ಶನಿವಾರ ಊರಿಗೆ ಬರುವಾಗ ತರುವುದಿಲ್ಲ. ಸಿಮ್ಯುಲೇಶನ್ ಇದ್ದಾಗ ಕಾಲೇಜಿನ ಲ್ಯಾಬಿನಲ್ಲೇ ಕೂರುತ್ತಾರಂತೆ. ನಾನು ಸಿಎ ಫೌಂಡೇಶನ್ ಬರೆಯಬೇಕೆಂದಿದ್ದೇನೆ. ಪಾಠದ ವಿಡಿಯೊ ಅಮ್ಮಿಯ ಫೋನಿನಲ್ಲಿ ನೋಡುತ್ತೇನೆ, ಟ್ಯಾಲಿ ಅಭ್ಯಾಸಕ್ಕೆ ನಮ್ಮ ಕಾಲೇಜಿನ ಲ್ಯಾಬ್ ತೆರೆದಿರುವ ಹೊತ್ತನ್ನು ಕಾಯುತ್ತೇನೆ. ಭಾಯಿಯ ಮೇಲೆ ನನಗೆ ದೂರಿಲ್ಲ. ಅಬ್ಬಾ ಅಂಗಡಿಯವರು ಹೇಳಿದ್ದನ್ನು ನಂಬಿ, ಮಗನಿಗೆ ಕಡಿಮೆಯಾಗಬಾರದೆಂದು ಕೈಮೀರಿ ಕೊಟ್ಟರು. ಅದರಲ್ಲಿ ಪ್ರೀತಿಯೇ ಇತ್ತು. ಆದರೆ ಇದು ನನ್ನೊಬ್ಬಳ ಕಥೆಯಲ್ಲ. ನಮ್ಮ ಕ್ಲಾಸಿನಲ್ಲಿ ಅಣ್ಣನಿಗೆ ಲ್ಯಾಪ್‌ಟಾಪ್ ಇದ್ದು ತಾವು ಫೋನಿನಲ್ಲಿ ಎಕ್ಸೆಲ್ ಕಲಿಯುತ್ತಿರುವ ಗೆಳತಿಯರು ಇನ್ನೂ ಇದ್ದಾರೆ.

ಎಕನಾಮಿಕ್ಸ್‌ನಲ್ಲಿ ಅವಕಾಶ ವೆಚ್ಚ ಎನ್ನುತ್ತೇವೆ. ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆ ಅದು. ದೊಡ್ಡ ಲ್ಯಾಪ್‌ಟಾಪಿನ ಅವಕಾಶ ವೆಚ್ಚ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಬಹಳ ಮನೆಗಳಲ್ಲಿ ಅದನ್ನು ತಂಗಿ ಕೊಡುತ್ತಾಳೆ, ಇಲ್ಲವೇ ಆರ್ಟ್ಸ್, ಕಾಮರ್ಸ್ ಓದುವ ತಮ್ಮ ಕೊಡುತ್ತಾನೆ. ಎಂಜಿನಿಯರಿಂಗ್ ಎಂದ ಕೂಡಲೇ ಬಿಚ್ಚುವ ಗಂಟು ಬೇರೆ ಓದಿಗೂ ಸ್ವಲ್ಪ ಬಿಚ್ಚಲಿ ಎಂಬುದು ನನ್ನ ಮಾತು.

ಎದುರು ವಾದಗಳು

"ನಾಲ್ಕು ವರ್ಷ ಬಾಳಿಕೆ ಬರಬೇಕು, ಅದಕ್ಕೆ ಈಗಲೇ ದೊಡ್ಡದು" ಎನ್ನುತ್ತಾರೆ. ಬಾಳಿಕೆ ಬರುವುದು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹೆಚ್ಚಿಸಲು ಜಾಗವಿದ್ದರೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ನಂತರ ಬದಲಾಯಿಸಲು ಆಗುವುದಿಲ್ಲ. ಇದನ್ನು ಕೊಳ್ಳುವ ಮುನ್ನವೇ ಕೇಳಬೇಕು. ಬೆಸುಗೆ ಹಾಕಿದ್ದಾದರೆ ಮೊದಲೇ 16 ಜಿಬಿ ಇರಲೇಬೇಕು.

"ಆಟ ಆಡಲು ಬೇಕು" ಎಂದು ಯಾರಾದರೂ ನೇರವಾಗಿ ಹೇಳಿದರೆ ನನ್ನ ತಕರಾರಿಲ್ಲ. ಮನೆಯವರಿಗೂ ಹಾಗೆಯೇ ಹೇಳಿ. ಆಟೊಕ್ಯಾಡ್ ಹೆಸರಿನಲ್ಲಿ ಆಟಕ್ಕೆ ಹಣ ಕೇಳುವುದು ಬೇಡ.

"ನನಗೆ ನಿಜವಾಗಿಯೂ ದಪ್ಪ ಯಂತ್ರ ಬೇಕು" ಎನ್ನುವವರೂ ಇದ್ದಾರೆ. ಆರ್ಕಿಟೆಕ್ಚರ್‌ಗೆ ಹೋಗುವವರು, ಸಿವಿಲ್ ಅಥವಾ ಮೆಕ್ಯಾನಿಕಲ್‌ನಲ್ಲಿ ವಿನ್ಯಾಸ ಮತ್ತು ಸಿಮ್ಯುಲೇಶನ್ ಅನ್ನೇ ಮುಂದುವರಿಸುವವರು, ಹಾಸ್ಟೆಲಿನಲ್ಲಿದ್ದು ದಿನಾ ಹೊರಬೇಕಿಲ್ಲದವರು, ಮಾನಿಟರ್ ಇಡಲು ಜಾಗವಿಲ್ಲದವರು. ಇವರು 16 ಇಂಚು ತೆಗೆದುಕೊಳ್ಳಲಿ. 17 ಇಂಚಿನದು ಬಹಳ ಬ್ಯಾಗಿಗೆ ಹಿಡಿಸುವುದೂ ಇಲ್ಲ, ಅದನ್ನು ಯಾರಿಗೂ ಹೇಳಲಾರೆ.

ಅಂಗಡಿಗೆ ಹೋದಾಗ

ಮೊದಲು ಲ್ಯಾಪ್‌ಟಾಪನ್ನು ಚಾರ್ಜರ್ ಸಮೇತ ಕೈಯಲ್ಲಿ ಎತ್ತಿ ನೋಡಿ. ನಿಮ್ಮ ದಿನದ ಬ್ಯಾಗನ್ನೇ ಒಯ್ದು ಅದರಲ್ಲಿ ಹಿಡಿಯುತ್ತದೆಯೇ ನೋಡಿ. ಫೋನಿನಲ್ಲಿ ಒಂದು ಕಟ್ಟಡದ ನಕ್ಷೆಯ ಪಿಡಿಎಫ್ ಇಟ್ಟುಕೊಂಡು ಹೋಗಿ, ಆ ಪರದೆಯಲ್ಲಿ ತೆರೆದು ಒಂದು ತೋಳಿನ ದೂರದಿಂದ ಅಳತೆಗಳನ್ನು ಓದಲು ಬರುತ್ತದೆಯೇ ಪರೀಕ್ಷಿಸಿ. ಎಚ್‌ಡಿಎಂಐ ಪೋರ್ಟ್ ಇದೆಯೇ, ಚಾರ್ಜಿಂಗ್ ಯುಎಸ್‌ಬಿ ಸಿ ಮೂಲಕ ಆಗುತ್ತದೆಯೇ, ರ‍್ಯಾಮ್ ಸ್ಲಾಟ್ ಖಾಲಿ ಇದೆಯೇ ಕೇಳಿ. ಜಿಎಸ್‌ಟಿ ಬಿಲ್ ಮತ್ತು ವಾರಂಟಿ ನಿಮ್ಮ ಹೆಸರಿಗೇ ಇರಲಿ. ವಿದ್ಯಾರ್ಥಿ ರಿಯಾಯಿತಿ ಇದೆಯೇ ಎಂದು ಕೇಳಲು ನಾಚಿಕೆ ಬೇಡ.

ಕೊನೆಯದಾಗಿ ನಮ್ಮ ಪ್ರಿನ್ಸಿಪಾಲರಿಗೆ ಮತ್ತು ಉಪನ್ಯಾಸಕರಿಗೆ ಒಂದು ವಿನಂತಿ. ಪ್ರತಿ ವರ್ಷ ನಮ್ಮ ಕಾಲೇಜಿನಲ್ಲಿ ಸಿಇಟಿ ಕೌನ್ಸೆಲಿಂಗ್ ಬಗ್ಗೆ ಪೋಷಕರಿಗೆ ಮಾಹಿತಿ ಸಭೆ ನಡೆಯುತ್ತದೆ. ಈ ಸಲ ಅದರ ಜೊತೆಗೆ ಅರ್ಧ ಗಂಟೆ ಇದಕ್ಕೂ ಕೊಡಿ. ಈಗ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಬೇರೆ ಬೇರೆ ಬ್ರಾಂಚಿನಿಂದ ಮೂರು ನಾಲ್ಕು ಮಂದಿ ಕರೆಸಿ, ಅವರ ಲ್ಯಾಪ್‌ಟಾಪ್‌ಗಳನ್ನು ಮೇಜಿನ ಮೇಲೆ ಇಡಿಸಿ. ಪಕ್ಕದಲ್ಲಿ ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿ ಬೇಡ, ತರಕಾರಿ ತೂಗುವ ತಕ್ಕಡಿಯೇ ಸಾಕು. ಅಪ್ಪ ಅಮ್ಮಂದಿರು ಎತ್ತಿ ನೋಡಲಿ, ಸಾಫ್ಟ್‌ವೇರ್ ಓಡುವುದನ್ನು ನೋಡಲಿ, ಎಷ್ಟು ಬಳಸಿದಿರಿ ಎಂದು ಕೇಳಲಿ. ಲ್ಯಾಬನ್ನು ಸಂಜೆ ಇನ್ನೊಂದು ಗಂಟೆ ತೆರೆದಿಟ್ಟರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ನಮ್ಮಂಥವರಿಗೂ ಉಪಕಾರವಾಗುತ್ತದೆ.

(ಲೇಖಕಿ: ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)